ಎರಡು ಕುರ್ಚಿ ಹೆಚ್ಚು

ಬೆಳಗ್ಗೆ ಎದ್ದು ಎಣಿಸಿದಾಗ ಒಂದು ಕುರ್ಚಿ ಕಡಿಮೆ ಇತ್ತು.

ಆರು ಇರಬೇಕು, ಇದ್ದದ್ದು ಐದು. ಕ್ಯಾಪ್ಟನಪ್ಪ ಬಾಗಿಲ ಕಡೆಯಿಂದ ಒಮ್ಮೆ ಎಣಿಸಿದ, ಕಿಟಕಿ ಕಡೆಯಿಂದ ಒಮ್ಮೆ ಎಣಿಸಿದ. ಮಂಚದ ಕೆಳಗೂ ಬಗ್ಗಿ ನೋಡಿ, ಕುರ್ಚಿಯೇನು ಕಳೆದುಹೋದ ಚಪ್ಪಲಿಯೇ ಅಲ್ಲಿ ಸಿಗಲಿಕ್ಕೆ ಎಂದು ತನ್ನನ್ನು ತಾನೇ ಬೈದುಕೊಂಡು ಎದ್ದ. ಸಂಜೆ ವಿಮಾನ. ಅದಕ್ಕೆ ಮೊದಲು ಮಧ್ಯಾಹ್ನ ಮನೆ ತಪಾಸಣೆ. ಸೇನೆಯ ವಸತಿಗೃಹ ಬಿಟ್ಟು ಹೋಗುವವರು, ಬಂದಾಗ ಅಲ್ಲಿ ಏನೇನಿತ್ತೋ ಅಷ್ಟನ್ನೂ ಎಣಿಸಿ ಒಪ್ಪಿಸಿ ಚೀಟಿ ಪಡೆಯಬೇಕು. ಚೀಟಿ ಇಲ್ಲದವರನ್ನು ವಿಮಾನದ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಅವನ ಹೆಂಡತಿ ಸೇನೆಯಲ್ಲಿ ಕ್ಯಾಪ್ಟನ್. ಅವಳನ್ನು ಸಮುದ್ರದಾಚೆಯ ನೆಲೆಗೆ ಕಳಿಸಿ ವರ್ಷ ದಾಟಿತ್ತು. ಈಗ ಗಂಡನೂ ಬಂದು ಜೊತೆಗಿರಬಹುದು ಎಂದು ಅಪ್ಪಣೆಯಾಗಿತ್ತು. ಆದರೆ ಮನೆಮಂದಿಯನ್ನು ಹೊತ್ತೊಯ್ಯುವ ವಿಮಾನ ಹೊರಡುವುದು ಮೂರು ತಿಂಗಳಿಗೊಂದು ಸಲ. ಒಂದೇ ದಿನ ಇಲ್ಲಿಂದ ಒಂದು ಹೋಗುತ್ತದೆ, ಅಲ್ಲಿಂದ ಒಂದು ಬರುತ್ತದೆ. ಇವತ್ತಿನದು ತಪ್ಪಿದರೆ ಇನ್ನು ಮೂರು ತಿಂಗಳು ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವುದೇ ಸಂಸಾರ. ಅಂಥ ಸಂಸಾರ ಸಾಕುಸಾಕಾಗಿ ಅವನು ಹೋದ ವಾರದಿಂದಲೇ ಟ್ರಂಕು ಕಟ್ಟಿ ಬಾಗಿಲ ಪಕ್ಕ ನಿಲ್ಲಿಸಿಕೊಂಡಿದ್ದ. ಹಲ್ಲುಜ್ಜುವ ಬ್ರಷ್ಷೂ ಅದರೊಳಗೇ ಹೋಗಿ ಕೂತಿದ್ದರಿಂದ ದಿನಾ ಬೆಳಗ್ಗೆ ಟ್ರಂಕು ಬಿಚ್ಚಿ ಕಟ್ಟುವುದು ಬೇರೆ ಕೆಲಸವಾಗಿತ್ತು.

ಆ ಸಾಲುಮನೆಗಳಲ್ಲಿ ಮೇಜರನ ಹೆಂಡತಿ ಮೇಜರಮ್ಮ, ಸೇನೆಯ ಡಾಕ್ಟರನ ಹೆಂಡತಿ ಡಾಕ್ಟರಮ್ಮ, ಬ್ಯಾಂಡ್ ಮಾಸ್ತರನ ಹೆಂಡತಿ ಬ್ಯಾಂಡಮ್ಮ. ಕ್ಯಾಪ್ಟನ್ನಿನ ಗಂಡನನ್ನು ಏನೆಂದು ಕರೆಯಬೇಕು ಎಂದು ಹೆಂಗಸರೆಲ್ಲ ಮೊದಲ ವಾರ ತಲೆ ಕೆಡಿಸಿಕೊಂಡು ಕೊನೆಗೆ ಕ್ಯಾಪ್ಟನಪ್ಪ ಎಂದು ನಾಮಕರಣ ಮಾಡಿದ್ದರು. ಅವನಿಗೂ ಒಂದು ಹೆಸರಿತ್ತು, ಒಂದು ಕಸುಬೂ ಇತ್ತು. ಮನೆಯಲ್ಲೇ ಕೂತು ಪ್ರಕಾಶಕರಿಗೆ ಪುಸ್ತಕಗಳ ಕರಡು ತಿದ್ದಿ ಕೊಡುತ್ತಿದ್ದ. ತಪ್ಪು ಕಂಡರೆ ಬಿಡುವ ಆಸಾಮಿಯಲ್ಲ. ಮದುವೆಗೆ ಕರೆಯಲು ಬಂದವರ ಕೈಯಲ್ಲಿದ್ದ ಕಾಗದದಲ್ಲೇ ಮೂರು ತಪ್ಪು ತೋರಿಸಿಕೊಟ್ಟು, ಅವರು ಕರೆಯುವುದನ್ನೇ ಮರೆತು ಮುಖ ಸಿಂಡರಿಸಿಕೊಂಡು ವಾಪಸು ಹೋದದ್ದೂ ಇತ್ತು. ಹೆಂಡತಿ ಅವನಿಗೆ ಒಲಿದದ್ದೂ ಆ ಹಟಕ್ಕೇ. ಅವಳೇನು ಕಡಿಮೆ ಹಟದವಳಲ್ಲ.

ಕುರ್ಚಿ ಎಲ್ಲಿ ಹೋಯಿತು ಎನ್ನುವುದು ಅವನಿಗೆ ಸುಮಾರಾಗಿ ನೆನಪಿತ್ತು. ಬ್ಯಾಂಡಮ್ಮನ ಮನೆಗೆ ನೆಂಟರು ಬಂದಾಗ ಒಂದು ಕೊಟ್ಟಿದ್ದ. ಕೇಳಲು ಹೋದರೆ ಬ್ಯಾಂಡಮ್ಮ ಅದನ್ನು ಆಗಲೇ ಡಾಕ್ಟರಮ್ಮನಿಗೆ ಕೊಟ್ಟೆನೆಂದರು. ಡಾಕ್ಟರಮ್ಮ ಮೇಜರಮ್ಮನ ಕಡೆ ಬೆರಳು ತೋರಿಸಿದರು. ಮೇಜರಮ್ಮ, ತಾವು ಯಾರ ಕುರ್ಚಿಯನ್ನೂ ಕಂಡಿಲ್ಲವೆಂದೂ, ತಮ್ಮ ಮನೆಯಲ್ಲಿರುವ ಆರಕ್ಕೆ ಆರೂ ತಮ್ಮವೇ ಎಂದೂ, ಅವುಗಳಲ್ಲೊಂದರ ಮೇಲೆ ಕೂತುಕೊಂಡೇ ಹೇಳಿದರು. ಕುರ್ಚಿಗಳೆಲ್ಲ ಒಂದೇ ಅಚ್ಚಿನವು. ಹಿಂದೆಂದೋ ಬರೆದಿದ್ದ ನಂಬರುಗಳು ವರ್ಷಾವರ್ಷ ಬಳಿದ ಬಣ್ಣದಡಿ ಮುಚ್ಚಿಹೋಗಿದ್ದವು. ಯಾವುದು ಯಾರದೆಂದು ಹೇಳಲು ಕುರ್ಚಿಗೇ ಬಾಯಿ ಬರಬೇಕು.

ಅಷ್ಟಕ್ಕೂ ಅದು ಅಲ್ಲಿ ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಮನೆಗಳ ಹಿಂದೆ ಉದ್ದಕ್ಕೂ ಒಂದೇ ಪಡಸಾಲೆ, ಎಲ್ಲರ ಹಿಂಬಾಗಿಲೂ ಅದಕ್ಕೇ ತೆರೆಯುತ್ತಿತ್ತು. ಬೀಗಗಳನ್ನು ಸೇನೆ ಒಟ್ಟಿಗೇ ಕೊಂಡಿದ್ದರಿಂದ ಯಾವ ಕೀಲಿ ಹಾಕಿದರೂ ಯಾವ ಬಾಗಿಲಾದರೂ ತೆಗೆಯುತ್ತಿತ್ತು. ತಪಾಸಣೆಯ ದಿನ ಯಾರ ಮನೆಯಲ್ಲಿ ಏನು ಕಡಿಮೆಯಿದೆಯೋ ಅದು ಪಕ್ಕದ ಮನೆಯಿಂದ ಹಿಂಬಾಗಿಲಲ್ಲಿ ಬಂದು ಕೂರುವುದು, ಸಾಹೇಬರು ಮುಂಬಾಗಿಲಲ್ಲಿ ಹೊರಗೆ ಹೋದ ಕೂಡಲೇ ಪಡಸಾಲೆ ಹಿಡಿದು ಮುಂದಿನ ಮನೆಗೆ ಓಡುವುದು, ಹೀಗೆ ನಡೆದುಕೊಂಡು ಬಂದಿತ್ತು. ಬೆಂಕಿ ಆರಿಸಲೆಂದು ಮನೆಗೊಂದರಂತೆ ಕೊಟ್ಟಿದ್ದ ಕೆಂಪು ಬಕೆಟ್ಟುಗಳಲ್ಲಿ ಉಳಿದಿದ್ದದ್ದು ಒಂದೇ ಒಂದು. ಅದು ಪ್ರತಿ ವರ್ಷ ಎಲ್ಲ ಮನೆಯಲ್ಲೂ ತಪಾಸಣೆಗೆ ನಿಂತು ಎಲ್ಲ ಕಡೆ ಪಾಸಾಗುತ್ತಿತ್ತು.

ಹಾಗಾಗಿ ಮೇಜರಮ್ಮ, ಅವನ ಹಿಂದೆಯೇ ಬಂದು ನಿಂತಿದ್ದ ಉಳಿದಿಬ್ಬರ ಪರವಾಗಿಯೂ ಸಲೀಸಾಗಿ ಹೇಳಿದರು. ಮಧ್ಯಾಹ್ನಕ್ಕೆ ಒಂದು ಕುರ್ಚಿ ತಂದಿಡುತ್ತೇವೆ, ಚೀಟಿ ಬರೆಸಿಕೊಂಡು ಹಾಯಾಗಿ ಹೋಗಿ ಎಂದರು. ಕ್ಯಾಪ್ಟನಪ್ಪ ತಲೆಯಾಡಿಸಿದ, ಒಪ್ಪಿಗೆಗಲ್ಲ.

“ಬೇಡ. ಒಂದು ಕಡಿಮೆ ಇದೆ ಅಂತಲೇ ಹೇಳ್ತೀನಿ. ಅದರ ಬೆಲೆ ಕಟ್ಟಿ ಹೋಗ್ತೀನಿ.”

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ಯಾಂಡಮ್ಮ ಮೆಲ್ಲಗೆ, ಹಾಗೆಲ್ಲ ನಿಜ ಹೇಳಿ ಸಾಹೇಬರಿಗೆ ಅಭ್ಯಾಸ ಮಾಡಿಸಬಾರದು ಎಂದರು. ಡಾಕ್ಟರಮ್ಮ ಅವನಿಗೆ ಪ್ರಯಾಣದ ಗಾಬರಿಯಿಂದ ರಕ್ತದೊತ್ತಡ ಏರಿರಬಹುದೆಂದು ಕೈ ಹಿಡಿದು ನಾಡಿ ನೋಡಿದರು. ಅವರಿಗೆ ನಾಡಿ ನೋಡಲು ಬರುತ್ತಿರಲಿಲ್ಲ, ಅದು ಅವರ ಗಂಡನ ಕೆಲಸ. ಮೇಜರಮ್ಮ ಮಾತ್ರ ನೇರವಾಗಿ ವಿಷಯಕ್ಕೆ ಬಂದರು.

“ನೋಡಿ ಕ್ಯಾಪ್ಟನಪ್ಪ, ನೀವು ಸಂಜೆ ಹಾರಿ ಹೋಗ್ತೀರಿ. ಇಲ್ಲಿರೋರು ನಾವು. ನಿಮ್ಮ ಮನೇಲಿ ಒಂದು ಕಡಿಮೆ ಅಂತ ಗೊತ್ತಾದ್ರೆ ಆ ತಪಾಸಣೆಯವನು ನಮ್ಮನೆಗಳಿಗೂ ನುಗ್ತಾನೆ. ಆಮೇಲೆ ಬಕೆಟ್ಟಿನ ಕತೆ ಏನು?”

“ಬಕೆಟ್ಟಿನ ಕತೆ ಬಕೆಟ್ಟಿಗೆ ಬಿಡಿ. ನನ್ನ ಮನೆ ಲೆಕ್ಕ ನಾನು ಹೇಳ್ತೀನಿ.”

ಇಷ್ಟು ಹೇಳಿ ಅವನು ಮನೆಗೆ ಬಂದು ಮುಂಬಾಗಿಲಿಗೆ ಬೀಗ ಜಡಿದು, ಸೀಟು ಖಾತ್ರಿ ಮಾಡಿಸಲು ಪ್ರಯಾಣ ಕಚೇರಿಗೆ ನಡೆದ. ಹಿಂಬಾಗಿಲಿಗೂ ಹಾಕಿದ್ದ, ಪಾಪ. ಆ ಬೀಗದ ಯೋಗ್ಯತೆ ಅವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಪ್ರಯಾಣ ಕಚೇರಿಯ ಗುಮಾಸ್ತ ಕಾಗದಗಳನ್ನು ಮಗುಚಿ ಮಗುಚಿ ನೋಡಿ, ಹೆಂಡತಿ ಎಲ್ಲಿ ಎಂದು ಕೇಳಿದ. ಹೆಂಡತಿ ಸಮುದ್ರದಾಚೆ ಇದ್ದಾಳೆ ಎಂದ ಕ್ಯಾಪ್ಟನಪ್ಪ. ಹಾಗಾದರೆ ಈ ಸೀಟಿನಲ್ಲಿ ಹೋಗುವ ಹೆಂಡತಿ ಯಾರು ಎಂದು ಗುಮಾಸ್ತ ಕನ್ನಡಕ ಸರಿಮಾಡಿಕೊಂಡ.

“ನಾನೇ.”

ಗುಮಾಸ್ತ ಅವನ ಮೀಸೆಯನ್ನು ಬಹಳ ಹೊತ್ತು ನೋಡಿದ. ಕಂಪ್ಯೂಟರಿನಲ್ಲಿ ‘ಅಧಿಕಾರಿಯ ಹೆಂಡತಿ’ ಎಂದಷ್ಟೇ ಇದೆ, ಗಂಡ ಎನ್ನುವುದಕ್ಕೆ ಜಾಗವೇ ಮಾಡಿಲ್ಲ, ಬದಲಾಯಿಸಲು ತನಗೆ ಅಧಿಕಾರವಿಲ್ಲ ಎಂದು ವಿವರಿಸಿದ. ಗರ್ಭಿಣಿಯೋ ಅಲ್ಲವೋ ಎನ್ನುವುದನ್ನೂ ತುಂಬಿಸಬೇಕು, ಅದು ಖಾಲಿಯಿದ್ದರೆ ಸೀಟು ಕೊಡುವುದಿಲ್ಲವಂತೆ. ಕ್ಯಾಪ್ಟನಪ್ಪ ಎದುರಿನ ಮೇಜಿನ ಮೇಲೆ ಎರಡೂ ಕೈಯೂರಿ, ಸದ್ಯಕ್ಕಿಲ್ಲ ಎಂದು ಬರೆದುಕೊಳ್ಳಿ ಎಂದ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಕೆಮ್ಮಿದರು. ಗುಮಾಸ್ತ ಗಂಭೀರವಾಗಿ ಬರೆದುಕೊಂಡು, ಕೊನೆಗೆ ಸೀಟಿನ ಚೀಟಿಯ ಮೇಲೆ ‘ಅವಲಂಬಿತರು’ ಎಂದು ದೊಡ್ಡ ಮುದ್ರೆ ಒತ್ತಿ ಕೊಟ್ಟ.

ಆ ಮಾತು ಅವನಿಗೆ ಚುರುಕ್ಕೆಂದಿತು. ಯಾರು ಯಾರ ಮೇಲೆ ಅವಲಂಬಿತರು? ಅವಳು ಗಡಿಯಿಂದ ಗಡಿಗೆ ಓಡಾಡಿಕೊಂಡಿದ್ದ ಇಷ್ಟು ವರ್ಷ ಮನೆ ನಡೆಸಿದವನು ಅವನು. ಊರಿಂದೂರಿಗೆ ಸಾಮಾನು ಹೊರಿಸಿದವನು, ಸೋರುವ ನಲ್ಲಿಗೆ ಬಟ್ಟೆ ಸುತ್ತಿದವನು, ಅವಳ ಸಮವಸ್ತ್ರದ ಗುಂಡಿ ಹೊಲಿದವನು. ದಾರಿಯುದ್ದಕ್ಕೂ ಆ ಮುದ್ರೆಯನ್ನೇ ನೋಡಿಕೊಂಡು ಬಂದದ್ದರಿಂದ, ಮನೆ ಮುಟ್ಟುವ ಹೊತ್ತಿಗೆ ಅವನ ತಲೆ ಕಾದ ಹಂಚಿನಂತಾಗಿತ್ತು. ಬಾಗಿಲಲ್ಲಿ ಎಣಿಕೆರಾಯ ನಿಂತಿದ್ದ.

ವಸತಿ ತಪಾಸಣೆಯ ಅಧಿಕಾರಿಗೆ ಆ ಸಾಲಿನವರು ಇಟ್ಟ ಹೆಸರು ಅದು. ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಟಾರ್ಚು. ನಡು ಹಗಲಲ್ಲೂ ಟಾರ್ಚು ಹಾಕಿಯೇ ಎಣಿಸುತ್ತಿದ್ದ. ಎಣಿಸುವುದು ಹೆಸರಿಗೆ ಮಾತ್ರ. ಹೊಸ್ತಿಲಲ್ಲಿ ನಿಂತು ಒಂದು ಸುತ್ತು ಬೆಳಕು ತೋರಿಸಿ, ಎಲ್ಲ ಸರಿ ಎಂದು ಬರೆದು, ಮಧ್ಯಾಹ್ನದ ನಿದ್ದೆಗೆ ಹೋಗುವುದು ಅವನ ಪದ್ಧತಿ.

ಕ್ಯಾಪ್ಟನಪ್ಪ ಬೀಗ ತೆಗೆಯುವ ಮೊದಲೇ, ತನ್ನ ಮನೆಯಲ್ಲಿ ಒಂದು ಕುರ್ಚಿ ಕಡಿಮೆಯಿದೆ, ಬೇರೆಯವರು ಹೇಳುವ ಮೊದಲು ತಾನೇ ಹೇಳುತ್ತಿದ್ದೇನೆ ಎಂದು ಘೋಷಿಸಿದ. ಎಣಿಕೆರಾಯನಿಗೆ ಇಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ. ಬೀಗ ತೆಗೆದ ಕೂಡಲೇ ಅವನು ಹೊಸ್ತಿಲು ದಾಟಿ ಒಳಗೆ ಬಂದ. ಕ್ಯಾಪ್ಟನಪ್ಪ ಮಾಡಿದ ಮೊದಲ ತಪ್ಪು ಅದು, ಅವನು ಒಳಗೆ ಬರುವಂತೆ ಮಾಡಿದ್ದು.

ಎಣಿಕೆರಾಯ ಊಟದ ಮೇಜಿನ ಸುತ್ತ ಟಾರ್ಚು ಬಿಟ್ಟ. ಆರು ಕುರ್ಚಿ. ಸರಿಯಾಗೇ ಇದೆಯಲ್ಲ ಎಂದ. ಕ್ಯಾಪ್ಟನಪ್ಪ ಕಣ್ಣುಜ್ಜಿಕೊಂಡ. ಎಣಿಕೆರಾಯ ಅಡುಗೆಮನೆಗೆ ಹೋದ. ಅಲ್ಲಿ ಒಲೆಯ ಮುಂದೆ ಒಂದು ಕುರ್ಚಿ ಅಡುಗೆ ಮಾಡಲು ಬಂದಂತೆ ನಿಂತಿತ್ತು. ಮಲಗುವ ಕೋಣೆಯಲ್ಲಿ ಕಿಟಕಿಯ ಪಕ್ಕ ಇನ್ನೊಂದು ಇತ್ತು, ಅದರ ಮೇಲೆ ಚಂದವಾಗಿ ಒಂದು ಟವಲನ್ನೂ ಮಡಿಸಿಟ್ಟಿದ್ದರು.

ಏನಾಗಿತ್ತೆಂದು ಊಹಿಸಲು ಕಷ್ಟವಿಲ್ಲ. ಮೇಜರಮ್ಮ ಒಂದು ಕುರ್ಚಿ ತಂದಿಟ್ಟು ಹೋಗಿದ್ದರು. ಅದು ಗೊತ್ತಿಲ್ಲದೆ ಬ್ಯಾಂಡಮ್ಮ ಒಂದು ತಂದಿಟ್ಟರು. ಇವರಿಬ್ಬರೂ ಮಾತಾಡುವವರೇ ಹೊರತು ಮಾಡುವವರಲ್ಲ ಎಂದು ಡಾಕ್ಟರಮ್ಮ ಮೂರನೆಯದನ್ನು ತಂದರು. ಮೂವರೂ ತಮ್ಮ ತಮ್ಮ ಮನೆಯಲ್ಲಿ, ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಕೂತಿದ್ದರು.

ಎಣಿಕೆರಾಯ ಟಾರ್ಚು ಆರಿಸಿದ. ಅವನು ಟಾರ್ಚು ಆರಿಸುವುದನ್ನು ಆ ಸಾಲಿನಲ್ಲಿ ಯಾರೂ ಕಂಡಿರಲಿಲ್ಲ.

“ಎಂಟಿದೆ,” ಎಂದ. “ಎರಡು ಹೆಚ್ಚು.”

“ಹೆಚ್ಚಿದ್ರೆ ಒಳ್ಳೇದೇ ಆಯ್ತಲ್ಲ, ಇಟ್ಕೊಳ್ಳಿ.”

ಹಾಗಲ್ಲ ಎಂದು ಎಣಿಕೆರಾಯ ಬೆವರೊರೆಸಿಕೊಂಡು ವಿವರಿಸಿದ. ಸೇನೆಯಲ್ಲಿ ಸಾಮಾನು ಕಡಿಮೆಯಿದ್ದರೆ ಏನೂ ತೊಂದರೆಯಿಲ್ಲ. ಮುರಿಯಿತು, ಕಳೆಯಿತು ಎಂದು ಬರೆದು ಬೆಲೆ ಕಟ್ಟಿಸಿಕೊಂಡು ಬಿಡುತ್ತಾರೆ. ಹೆಚ್ಚಿದ್ದರೆ ಕಷ್ಟ. ಇಲ್ಲಿ ಎರಡು ಹೆಚ್ಚೆಂದರೆ ಇನ್ನೆಲ್ಲೋ ಎರಡು ಹೋಗಿವೆ ಎಂದಾಯಿತು. ಹೋದದ್ದು ಹೇಗೆ, ತಂದದ್ದು ಯಾರು, ಯಾವಾಗಿನಿಂದ ನಡೆಯುತ್ತಿದೆ ಎಂದು ಮೂವರು ಅಧಿಕಾರಿಗಳು ಕೂತು ವಿಚಾರಣೆ ಮಾಡಬೇಕು. ಅದರಲ್ಲೂ ಒಂದು ಕಡಿಮೆಯಿದೆ ಎಂದು ಮೊದಲೇ ಕೂಗಿಕೊಂಡವನ ಮನೆಯಲ್ಲಿ ಎರಡು ಹೆಚ್ಚು ಸಿಕ್ಕರೆ, ಅದನ್ನು ಏನೆನ್ನಬೇಕು?

“ಏನಂತೀರಿ?” ಎಂದು ಕೇಳಿದ ಕ್ಯಾಪ್ಟನಪ್ಪ.

“ಕಳವು ಅಂತೀವಿ.”

ಇಷ್ಟರಲ್ಲಿ ಮಾತು ಕೇಳಿಸಿ ಹಿಂಬಾಗಿಲಿಂದ ಹೆಂಗಸರು ಬಂದರು. ಬಂದವರೇ ಎಂಟೂ ಕುರ್ಚಿಗಳನ್ನು ನೋಡಿದರು, ಅರ್ಥ ಮಾಡಿಕೊಂಡರು, ಮೂವರೂ ಒಟ್ಟಿಗೇ ಬಾಯಿ ತೆಗೆದರು. ಬೀಳ್ಕೊಡುಗೆಗೆ ಬರುವವರಿಗೆ ಕೂರಲು ಇರಲೆಂದು ತಾವೇ ತಂದದ್ದು ಎಂದರು ಮೇಜರಮ್ಮ. ಕಾಲು ಅಲ್ಲಾಡುತ್ತಿತ್ತು, ರಿಪೇರಿಗೆ ಕೊಟ್ಟಿದ್ದೆ ಎಂದರು ಡಾಕ್ಟರಮ್ಮ. ಬ್ಯಾಂಡಮ್ಮ ಗಾಬರಿಯಲ್ಲಿ, ಈ ಮನೆಯಲ್ಲಿ ಯಾವಾಗಲೂ ಎಂಟೇ ಇದ್ದದ್ದು ಎಂದುಬಿಟ್ಟರು.

ಎಣಿಕೆರಾಯ ಸಾವಧಾನದಿಂದ ಕೇಳಿಸಿಕೊಂಡು, ಹಾಗಾದರೆ ನಡೆಯಿರಿ, ನಿಮ್ಮ ಮನೆಗಳನ್ನೂ ಒಮ್ಮೆ ಎಣಿಸಿಬಿಡೋಣ ಎಂದ. ಕೂಡಲೇ ಮೂರು ಬಾಯಿಯೂ ಮುಚ್ಚಿದವು. ಒಂದು ಗಳಿಗೆ ಬಿಟ್ಟು ಮೇಜರಮ್ಮ, ಈಗ ಸರಿಯಾಗಿ ನೋಡಿದರೆ ಅದು ತಮ್ಮ ಕುರ್ಚಿಯ ಹಾಗೆ ಕಾಣುವುದಿಲ್ಲ ಎಂದರು. ಉಳಿದಿಬ್ಬರಿಗೂ ಹಾಗೇ ಅನ್ನಿಸಿತು.

ಕ್ಯಾಪ್ಟನಪ್ಪ ಅವರ ಕಡೆ ನೋಡಿದ. ಅವರು ನೆಲ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಇಂಥವರದು ಇಂಥ ಕುರ್ಚಿ ಎಂದು. ಆದರೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರನ್ನು ಕುರ್ಚಿಗೋಸ್ಕರ ಹಿಡಿದುಕೊಡುವುದು ಅವನಿಂದಾಗದು. ಹಾಗೆಂದು ಕಳ್ಳ ಎನ್ನಿಸಿಕೊಳ್ಳುವುದೂ ಆಗದು.

ಎಣಿಕೆರಾಯನೇನು ಕೆಟ್ಟವನಲ್ಲ. ನಿದ್ದೆಯ ಹೊತ್ತು ಮೀರುತ್ತಿತ್ತು. ಅವನು ಕ್ಯಾಪ್ಟನಪ್ಪನನ್ನು ಪಕ್ಕಕ್ಕೆ ಕರೆದು ಬಹಳ ಸುಲಭದ ದಾರಿ ಹೇಳಿಕೊಟ್ಟ. ತಾನೀಗ ಹೊರಗೆ ಹೋಗಿ ಒಂದು ಟೀ ಕುಡಿದು ಬರುತ್ತೇನೆ, ಬರುವಷ್ಟರಲ್ಲಿ ಇಲ್ಲಿ ಆರು ಕುರ್ಚಿ ಇರಲಿ. ಎಣಿಸುವಾಗ ತಪ್ಪಾಯಿತು ಎಂದು ನೀವೂ ಹೇಳಿ, ನಾನೂ ಹೇಳುತ್ತೇನೆ. ಚೀಟಿ ತಗೊಂಡು ಹೋಗಿ ಹೆಂಡತಿಯ ಮುಖ ನೋಡಿ.

ಹೆಂಗಸರ ಮುಖ ಅರಳಿತು. ಬ್ಯಾಂಡಮ್ಮನಂತೂ ಆಗಲೇ ಒಂದು ಕುರ್ಚಿಯ ಬೆನ್ನು ಹಿಡಿದಾಗಿತ್ತು.

ಕ್ಯಾಪ್ಟನಪ್ಪ ಹೋಗಿ ಅದೇ ಕುರ್ಚಿಯ ಮೇಲೆ ಕೂತ.

“ಎಣಿಸಿದ್ದು ತಪ್ಪಲ್ಲ. ನೀವು ನನ್ನನ್ನ ಕಳ್ಳ ಅಂದ್ರಿ. ಮೂರು ಜನರ ಮುಂದೆ ಅಂದ್ರಿ. ಅದನ್ನ ಬರೀರಿ. ವಿಚಾರಣೆ ಆಗ್ಲಿ.”

ಎಣಿಕೆರಾಯ ಮೊದಲು ನಕ್ಕ, ಆಮೇಲೆ ಬೇಡಿಕೊಂಡ. ವಿಚಾರಣೆ ಎಂದರೆ ಹುಡುಗಾಟವಲ್ಲ, ಇಷ್ಟು ವರ್ಷ ಎಲ್ಲ ಸರಿಯಿದೆ ಎಂದು ಬರೆದವರು ಯಾರು ಎಂದು ತನ್ನನ್ನೇ ಮೊದಲು ಕೇಳುತ್ತಾರೆ, ತನಗೆ ನಿವೃತ್ತಿ ಹತ್ತಿರವಿದೆ ಎಂದ. ಮೇಜರಮ್ಮ ಕೈ ಮುಗಿಯುವುದೊಂದು ಬಾಕಿ. ವಿಮಾನ ತಪ್ಪಿದರೆ ಏನು ಮಾಡುತ್ತೀರಿ, ಪಾಪ ಆ ಹೆಣ್ಣುಮಗಳು ಅಲ್ಲಿ ಕಾಯುತ್ತಿರುತ್ತಾಳೆ ಎಂದು ಡಾಕ್ಟರಮ್ಮ ಕಣ್ಣೊರೆಸಿಕೊಂಡರು.

ಆ ಮಾತು ನಾಟಿತು. ಕ್ಯಾಪ್ಟನಪ್ಪ ಬಾಗಿಲ ಪಕ್ಕದ ಟ್ರಂಕನ್ನು ನೋಡಿದ. ಅವಳನ್ನು ನೋಡಬೇಕೆಂಬ ಆಸೆ ಅವನಿಗೇನು ಕಡಿಮೆಯಿರಲಿಲ್ಲ. ಇನ್ನೂ ಮೂರು ತಿಂಗಳು ಒಬ್ಬನೇ ಉಣ್ಣುವುದು ಬೇಡವೆನ್ನಿಸಿತು. ಆದರೆ ಬೆಳಗ್ಗೆಯಿಂದ ಅವನನ್ನು ಹೆಂಡತಿಯೆಂದಿದ್ದರು, ಗರ್ಭಿಣಿಯೇ ಎಂದು ವಿಚಾರಿಸಿದ್ದರು, ಅವಲಂಬಿತನೆಂದು ಮುದ್ರೆ ಒತ್ತಿದ್ದರು, ಕಡೆಗೆ ಕಳ್ಳನೆಂದೂ ಅಂದಾಗಿತ್ತು. ತಲೆ ತಗ್ಗಿಸಿಕೊಂಡು ಹೋಗಿ ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಎಣಿಕೆರಾಯ ನಿಟ್ಟುಸಿರು ಬಿಟ್ಟು ವರದಿ ಬರೆಯಲು ಕೂತ. ಒಂದು ಪುಟ ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬರೆದದ್ದನ್ನು ಕ್ಯಾಪ್ಟನಪ್ಪ ಕೈಗೆತ್ತಿಕೊಂಡು ಓದಿದ, ಓದುತ್ತಾ ಓದುತ್ತಾ ಅವನ ಹುಬ್ಬು ಗಂಟಿಕ್ಕಿತು. ಇದರ ಪ್ರಕಾರ ಕುರ್ಚಿಗಳೇ ಕ್ಯಾಪ್ಟನಪ್ಪನನ್ನು ಕದ್ದಿದ್ದವು. ವಾಕ್ಯಕ್ಕೆ ತಲೆಯಿಲ್ಲ, ಬಾಲವಿಲ್ಲ. ಎಣಿಕೆರಾಯನ ವರದಿಗಳು ಯಾವಾಗಲೂ ಹಾಗೇ. ಕಚೇರಿಯಲ್ಲಿ ಯಾರಿಗೂ ಅರ್ಥವಾಗದೆ ಮೇಜಿನಿಂದ ಮೇಜಿಗೆ ಅಲೆದು ಅಲೆದು, ವಿಷಯವೇ ಮರೆತುಹೋಗುತ್ತಿತ್ತು. ಆ ಸಾಲಿನವರು ಇಷ್ಟು ಕಾಲ ನೆಮ್ಮದಿಯಿಂದ ಬದುಕಿದ್ದು ಆ ಬರವಣಿಗೆಯ ದಯೆಯಿಂದ.

ಆದರೆ ತಪ್ಪು ಕಂಡಿತೆಂದರೆ ಕ್ಯಾಪ್ಟನಪ್ಪನ ಕೈ ತನ್ನಷ್ಟಕ್ಕೇ ಜೇಬಿನ ಕೆಂಪು ಪೆನ್ನಿಗೆ ಹೋಗುತ್ತಿತ್ತು. ತನ್ನ ಮೇಲಿನ ಕಳವಿನ ಆರೋಪವನ್ನು ಅವನು ತಾನೇ ಕೂತು ತಿದ್ದಿದ. ಉದ್ದ ವಾಕ್ಯ ಮುರಿದ, ಮೊದಲು ಆದದ್ದನ್ನು ಮೊದಲಿಗಿಟ್ಟ, ಅನುಮಾನ ಎಲ್ಲಿ ಬಲವಾಗಬೇಕೋ ಅಲ್ಲಿ ಬಲಪಡಿಸಿದ. ಕೊನೆಗೆ, ಇಷ್ಟಾದ ಮೇಲೆ ಕಚೇರಿಯವರು ಏನು ಮಾಡಬೇಕು ಎನ್ನುವುದೇ ಇಲ್ಲವಲ್ಲ ಎಂದು ಅನ್ನಿಸಿ, ಒಂದು ಸಾಲನ್ನು ತಾನಾಗಿಯೇ ಸೇರಿಸಿದ. ಈ ಮನೆಯ ಹೊಣೆ ಹೊತ್ತವರನ್ನು ಇವತ್ತೇ, ಈಗಲೇ, ತಡಮಾಡದೆ ಕರೆಸಿ ವಿಚಾರಿಸಬೇಕು. ಕರೆಯಲಿ ನೋಡೋಣ, ವಿಮಾನ ಹೊರಡುವುದರೊಳಗೆ ಹೋಗಿ ಎದೆ ಕೊಟ್ಟು ನಿಂತು ಉತ್ತರ ಹೇಳಿ ಬರುತ್ತೇನೆ ಎಂದು ಹೆಂಗಸರಿಗೆ ಹೇಳಿದ. ಎಣಿಕೆರಾಯ ಅದನ್ನು ನೀಟಾಗಿ ನಕಲು ಮಾಡಿ, ಇಷ್ಟು ಚಂದದ ವರದಿಗೆ ತನ್ನ ಸೇವೆಯಲ್ಲಿ ಎಂದೂ ರುಜು ಹಾಕಿರಲಿಲ್ಲ ಎಂದು ಒಪ್ಪಿಕೊಂಡು ಕಚೇರಿಗೆ ಕಳಿಸಿದ.

ಕಚೇರಿಯಿಂದ ಕರೆ ಬರಲೆಂದು ಕ್ಯಾಪ್ಟನಪ್ಪ ಅಂಗಿ ಬದಲಿಸಿ ಕೂತ. ಬಿಸಿಲು ಇಳಿಯತೊಡಗಿದರೂ ಕರೆಯ ಸುಳಿವಿಲ್ಲ. ಎಣಿಕೆರಾಯ ತಾನೇ ಫೋನು ಮಾಡಿ, ಮನೆಯಲ್ಲಿರುವವರು ಸಂಜೆ ಹೊರಡುವವರಿದ್ದಾರೆ, ತಡೆಯಬೇಕೇ ಎಂದು ಕೇಳಿದ. ಆ ಕಡೆಯವರು ಹೇಳಿದ್ದನ್ನು ಕೇಳಿ ಫೋನಿಟ್ಟು, ಮುಖದ ಮೇಲೆ ಏನೂ ತೋರಿಸದೆ ಹೇಳಿದ.

“ನೀವು ಹೋಗಬಹುದಂತೆ. ಅವಲಂಬಿತರನ್ನ ತಡೆಯೋ ನಿಯಮ ಇಲ್ಲವಂತೆ.”

ಮನೆ ತಪಾಸಣೆಯ ಚೀಟಿಯ ಮೇಲೆ ‘ವಿಷಯ ವಿಚಾರಣೆಯಲ್ಲಿದೆ’ ಎಂದು ಬರೆದುಕೊಟ್ಟ. ಹಾಗೆ ಬರೆದರೂ ವಿಮಾನ ಹತ್ತಬಹುದಿತ್ತು. ಬೆಳಗ್ಗೆಯಿಂದ ಚುಚ್ಚುತ್ತಿದ್ದ ಆ ಮುದ್ರೆ ಈಗ ಕ್ಯಾಪ್ಟನಪ್ಪನಿಗೆ ಒಳ್ಳೆ ರಾಜಮರ್ಯಾದೆಯಂತೆ ಕಂಡಿತು. ಹೆದರದೆ ನಿಂತವನ ತಂಟೆಗೆ ಯಾರೂ ಬರುವುದಿಲ್ಲ ಎಂದು ಅವನು ಮೂವರು ಹೆಂಗಸರಿಗೂ ಒಂದು ಸಣ್ಣ ಭಾಷಣ ಮಾಡಿದ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ವಿಚಾರಣೆ ಮುಗಿಯುವ ತನಕ ಯಾರೂ ಮುಟ್ಟಬಾರದೆಂದು ಎಣಿಕೆರಾಯ ಎಂಟೂ ಕುರ್ಚಿಗಳನ್ನು ಒಂದೇ ಹಗ್ಗದಲ್ಲಿ ಬಿಗಿಯುತ್ತಿದ್ದ. ಮೂವರೂ ತಮ್ಮ ತಮ್ಮ ಕುರ್ಚಿಯನ್ನು ಕಡೆಯ ಸಲ ನೋಡುವಂತೆ ನೋಡುತ್ತಿದ್ದರು.

ಆದರೂ ಮೇಜರಮ್ಮ ದಾರಿಗೆಂದು ಒಂದು ಡಬ್ಬಿ ತಿಂಡಿ ತಂದುಕೊಟ್ಟರು. ನಿಮ್ಮ ಹಟಕ್ಕೆ ನಮ್ಮನ್ನೆಲ್ಲ ಬಲಿ ಕೊಟ್ಟಿರಿ, ಅಲ್ಲಾದರೂ ಸುಮ್ಮನಿರಿ ಎಂದು ಬೈದುಕೊಂಡೇ ಕೊಟ್ಟರು. ಟ್ರಂಕನ್ನು ಜೀಪಿಗೆ ಏರಿಸಲು ಮೂವರೂ ಕೈ ಹಾಕಿದರು. ಜೀಪು ತಿರುಗುವ ತನಕ ಕ್ಯಾಪ್ಟನಪ್ಪ ಕೈ ಬೀಸುತ್ತಿದ್ದ. ಅವನಿಗೂ ಕಣ್ಣು ತೇವವಾಯಿತು, ಅದಕ್ಕೆ ಧೂಳು ಕಾರಣವೆಂದು ಡ್ರೈವರನಿಗೆ ಹೇಳಿದ.

ವಿಮಾನದಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಪಕ್ಕದಲ್ಲಿ ಸೇನೆಯಲ್ಲಿರುವ ಮಗಳನ್ನು ನೋಡಲು ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರಿದ್ದರು. ಅವರಿಗೆ ಬೆಲ್ಟು ಹಾಕಿಕೊಟ್ಟು, ತಾನೂ ಬಿಗಿದುಕೊಂಡು, ಇಳಿದ ಕೂಡಲೇ ಹೆಂಡತಿ ಎದುರಿಗಿರುತ್ತಾಳೆಂದು ಕೇಳದಿದ್ದರೂ ಹೇಳಿದ. ಏಣಿ ಸರಿಸಿದರು. ಬಾಗಿಲು ಮುಚ್ಚಿದರು. ಆಗ ಅವನ ಫೋನು ಗುನುಗಿತು. ಅವಳೇ.

“ರೀ, ಎಲ್ಲಿದ್ದೀರಿ?”

“ವಿಮಾನದಲ್ಲಿ. ಬಾಗಿಲು ಹಾಕಿದ್ರು, ಇನ್ನೇನು ಹೊರಡುತ್ತೆ. ನೀನೆಲ್ಲಿದ್ದೀಯ?”

ಆ ಕಡೆ ಇಂಜಿನ್ನಿನಂಥದೇನೋ ಗುಂಯ್‌ಗುಡುತ್ತಿತ್ತು.

“ನಾನೂ ವಿಮಾನದಲ್ಲೇ ಇದ್ದೀನಿ.”

“ನನ್ನ ಕರ್ಕೊಂಡು ಹೋಗೋಕೆ ನೀನೇ ಬರ್ತಿದ್ದೀಯಾ?”

“ಕುರ್ಚಿ ಎಣಿಸೋಕೆ ಬರ್ತಿದ್ದೀನಿ.”

ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಮನೆಯ ಹೊಣೆ ಹೊತ್ತವರು ಎನ್ನುವುದು ಸೇನೆಯ ಲೆಕ್ಕ. ಅವಳಿಗೆ ಮಧ್ಯಾಹ್ನವೇ ಆಜ್ಞೆ ಬಂದಿತ್ತು. ವರ್ಷದಿಂದ ಒಂದು ವಾರದ ರಜೆ ಕೇಳಿದರೆ ಸೀಟಿಲ್ಲ, ಬದಲಿ ಆಳಿಲ್ಲ ಎನ್ನುತ್ತಿದ್ದವರು, ಎರಡು ಕುರ್ಚಿಯೆಂದ ಕೂಡಲೇ ಸೀಟನ್ನೂ ಹುಡುಕಿದ್ದರು, ಆಳನ್ನೂ ಹುಡುಕಿದ್ದರು, ವಿಮಾನ ಹತ್ತಿಸುವ ತನಕ ಫೋನು ಮಾಡಲೂ ಬಿಡುವು ಕೊಟ್ಟಿರಲಿಲ್ಲ. ಅಲ್ಲಿಯ ಕಮಾಂಡರು ವರದಿ ಓದಿ ಕೂತಲ್ಲಿಂದ ಎದ್ದುಬಿಟ್ಟರಂತೆ. ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಸುಮ್ಮನಿರಲು ಬರುವುದಿಲ್ಲ ಎಂದರಂತೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಅವಳು ತಡೆದಳು.

“ರೀ, ಅದರಲ್ಲಿ ಒಂದೇ ಒಂದು ತಪ್ಪಿಲ್ಲ. ನಮ್ಮ ಕಚೇರಿಯವರು ಬರೆದಿರೋ ಹಾಗೇ ಇಲ್ಲ.”

“ಹೂಂ.”

“ತಿದ್ದಿದ್ದು ನೀವಾ?”

ಸುಳ್ಳು ಹೇಳಬಹುದಿತ್ತು. ಹೇಳುವುದಾದರೆ ಬೆಳಗ್ಗೆಯೇ ಹೇಳುತ್ತಿರಲಿಲ್ಲವೇ. ಕ್ಯಾಪ್ಟನಪ್ಪ ಬೆಲ್ಟಿನೊಳಗೇ ನೆಟ್ಟಗೆ ಕೂತ.

“ನಾನೇ. ನನ್ನನ್ನ ಕಳ್ಳ ಅಂದ್ರು ಕಣೇ. ಎಲ್ಲರ ಮುಂದೆ ಅಂದ್ರು.”

ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ಮತ್ತೆ ಮಾತಾಡಿದಾಗ ಅದು ನೂರು ಜನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುವ ದನಿಯಾಗಿತ್ತು.

“ಅಂದ್ರಾ? ಸರಿ ಹಾಗಾದ್ರೆ. ವಿಚಾರಣೆ ಬೇಗ ಮುಗಿಸಿಕೊಡಿ ಅಂತ ಕೇಳೋಣ ಅಂದ್ಕೊಂಡಿದ್ದೆ, ಈಗ ಕೇಳಲ್ಲ. ಮೂರು ತಿಂಗಳಾಗ್ಲಿ, ಆರು ತಿಂಗಳಾಗ್ಲಿ, ಆ ಸಾಲಿನ ಒಂದೊಂದು ಮನೆ ಕುರ್ಚಿನೂ ಎಣಿಸಿಸ್ತೀನಿ. ನನ್ನ ಗಂಡ ಕಳ್ಳನಲ್ಲ ಅಂತ ಬರೆಸಿಕೊಂಡೇ ವಾಪಸ್ ಬರೋದು. ನೀವು ಅಲ್ಲಿ ಆರಾಮಾಗಿರಿ.”

ಕ್ಯಾಪ್ಟನಪ್ಪನ ಜೀವ ಬಾಯಿಗೆ ಬಂತು. ಬೆಳಗ್ಗೆಯಿಂದ ಇಡೀ ಸೇನೆಯೆದುರು ಬಗ್ಗದ ಬೆನ್ನು ಆ ಸೀಟಿನಲ್ಲಿ ಬಗ್ಗಿಹೋಯಿತು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇಡ ಕಣೇ, ಹೋಗಲಿ ಬಿಡು, ಕಳ್ಳ ಅಂತಲೇ ಅಂದುಕೊಳ್ಳಲಿ, ತಪ್ಪಾಯಿತು ಅಂತ ಒಪ್ಪಿಕೊಂಡು ಇಳಿದುಬಿಡು, ಇಳಿದು ಅಲ್ಲೇ ಇರು ಎಂದು ಕೂಗಿದ. ಪಕ್ಕದ ಹೆಂಗಸು ಬೆಚ್ಚಿಬಿದ್ದು ಅವನ ತೋಳು ಹಿಡಿದುಕೊಂಡರು. ಆದರೆ ಅಷ್ಟರಲ್ಲಿ ಆ ಕಡೆಯ ವಿಮಾನವೂ ಓಡತೊಡಗಿತ್ತು, ಈ ಕಡೆಯದೂ ಓಡತೊಡಗಿತ್ತು, ಫೋನಿನಲ್ಲಿ ಯಾರೂ ಇರಲಿಲ್ಲ.